ಬೀಸುಕಲ್ಲಿನ ಪದ ಕೇಳಲು ಗ್ಲಾಸ್ಗೋಗೆ

ಸಿಂಧನೂರು ಬಿಡುವ ಮುನ್ನ

ನಮ್ಮ ದೊಡ್ಡವ್ವ ಈರಮ್ಮನ ದನಿ ಸ್ಕಾಟ್ಲೆಂಡಿನಲ್ಲಿದೆ ಎಂಬ ಸುಳಿವು ನನಗೆ ಸಿಕ್ಕಿದ್ದು ಲಿಂಗಸುಗೂರಿನಲ್ಲಿ, ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ. ನಾನು ಅಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಸಿಂಧನೂರಿನಲ್ಲಿ. ದಿನಾ ಮಸ್ಕಿ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲೇ ನನ್ನ ಅರ್ಧ ಓದು ನಡೆಯುತ್ತದೆ. ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳ ಹಾಡುಗಳು ಹೇಗೆ ಬದಲಾದವು ಅಂತ ಪಿಎಚ್‌ಡಿಗೆ ವಿಷಯ ತೆಗೆದುಕೊಂಡಿದ್ದೆ. ಹೊಲ ಗದ್ದೆಯಾಯಿತು, ಜೋಳ ಹೋಗಿ ನೆಲ್ಲು ಬಂತು, ಮನೆಯ ಬೀಸುಕಲ್ಲು ಹಿತ್ತಲಿಗೆ ಹೋಯಿತು. ಕಲ್ಲಿನ ಜತೆ ಪದಗಳೂ ಹೋದವು. ಇರುವ ನಾಲ್ಕಾರು ಮುದುಕಿಯರ ನೆನಪಿನಿಂದ ತುಣುಕು ತುಣುಕಾಗಿ ಆರಿಸಿಕೊಳ್ಳುತ್ತಿದ್ದೆ.

ಆ ಮಧ್ಯಾಹ್ನ ಸುಮ್ಮನೆ ಹೊರದೇಶದ ಗ್ರಂಥಾಲಯಗಳ ಸೂಚಿಗಳಲ್ಲಿ ನಮ್ಮ ತಾಲ್ಲೂಕಿನ ಹೆಸರು ಹಾಕಿ ಹುಡುಕಿದೆ. ಗ್ಲಾಸ್ಗೋದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ಧ್ವನಿಸುರುಳಿ ಇತ್ತು. ಊರು ವಳಕಮದಿನ್ನಿ. ಇಬ್ಬರು ಹೆಂಗಸರು, ಬೀಸುವ ಪದಗಳು. ಭಾಷೆ ತೆಲುಗು ಎಂದು ಬರೆದಿದ್ದರು.

ವಳಕಮದಿನ್ನಿ ನನ್ನ ತಾಯಿಯ ತವರು. ಅವ್ವನ ಅಕ್ಕ, ನನ್ನ ದೊಡ್ಡವ್ವ, ಊರೊಳಗೇ ಮದುವೆಯಾಗಿ ಈಗಲೂ ಅಲ್ಲೇ ಇದ್ದಾಳೆ. ಆ ಭಾನುವಾರವೇ ಹೋಗಿ ಕೇಳಿದೆ. ಅವಳು ಅಕ್ಕಿ ಆರಿಸುತ್ತಾ, ಅದೇನು ದೊಡ್ಡ ಸಂಗತಿ ಎಂಬಂತೆ, ಹೌದು, ಒಬ್ಬ ಬಿಳಿ ಬಾಯಿ, ಪರದೇಶದ ಹೆಂಗಸು, ಬಂದಿದ್ದಳು, ಎರಡು ಗಾಲಿ ತಿರುಗುವ ಪೆಟ್ಟಿಗೆ ತಂದಿದ್ದಳು, ತಾನೂ ಖಾಸಿಂಬಿಯೂ ಬೀಸುತ್ತಾ ಪದ ಹೇಳಿದ್ದೆವು ಎಂದಳು. ಖಾಸಿಂಬಿ ಅಂದರೆ ಪಕ್ಕದ ಮನೆಯ ಗೆಳತಿ. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯಾಗಿ ಬಂದವರು, ಒಂದೇ ಕಲ್ಲಿಗೆ ಎದುರುಬದುರು ಕೂತು ಬೀಸಿದವರು. ಖಾಸಿಂಬಿ ತೀರಿಕೊಂಡು ಬಹಳ ವರ್ಷವಾಗಿತ್ತು.

ಗ್ರಂಥಾಲಯಕ್ಕೆ ಬರೆದೆ. ಹಾಡಿದವರ ಒಪ್ಪಿಗೆ ಪಡೆದ ಗುರುತು ತಮ್ಮಲ್ಲಿಲ್ಲ, ಹಾಗಾಗಿ ಸುರುಳಿಯನ್ನು ಹೊರಗೆ ಕಳಿಸಲಾಗದು, ಅಲ್ಲಿಗೇ ಬಂದು ಕೇಳಬಹುದು ಎಂದು ಉತ್ತರ ಬಂತು. ಹೊರಗಿನ ಓದುಗರನ್ನು ಎರಡು ವಾರ ಕರೆಸಿಕೊಳ್ಳುವ ಒಂದು ಯೋಜನೆ ಇದೆ, ಅರ್ಜಿ ಹಾಕಿ ನೋಡಿ ಎಂದೂ ಇತ್ತು. ಹಾಕಿದೆ. ಸಿಕ್ಕಿತು. ಪಾಸ್‌ಪೋರ್ಟಿನಲ್ಲಿ ಮೊದಲ ಮುದ್ರೆ ಬಿತ್ತು.

ಹೊರಡುವ ಮುಂಚೆ ದೊಡ್ಡವ್ವನಿಗೆ ಹೇಳಿಬರಲು ಹೋದಾಗ ಏನು ತರಲಿ ಎಂದು ಕೇಳಿದೆ.

"ಖಾಸಿಂಬಿ ದನಿ ತಗೊಂಡ್ ಬಾ," ಎಂದಳು. "ನಂದು ಬ್ಯಾಡ. ನಂದು ನನ್ ಹತ್ರಾನ ಐತಿ."

ಗ್ಲಾಸ್ಗೋ, ಮೊದಲ ದಿನ

ಗ್ಲಾಸ್ಗೋದಲ್ಲಿ ಮಳೆ ಬರುತ್ತಿದೆಯೋ ಇಲ್ಲವೋ ಎಂದು ಹೇಳುವುದು ಕಷ್ಟ. ಗಾಳಿಯೇ ಒದ್ದೆಯಾಗಿರುತ್ತದೆ. ಬಿಸಿಲಿಗೆ ತಲೆ ಮೇಲೆ ಸೆರಗು ಹೊದ್ದು ಬೆಳೆದ ನಾನು ಅದೇ ಸೆರಗನ್ನು ಒದ್ದೆಗೆ ಹೊದ್ದುಕೊಂಡು ಗ್ರಂಥಾಲಯದ ಮುಂದೆ ನಿಂತೆ. ಕಟ್ಟಡ ನಮ್ಮೂರಿನ ರೈಸ್ ಮಿಲ್ಲುಗಳನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರವಿತ್ತು.

ಒಳಗೆ ಹೋಗಲು ಕಾರ್ಡು ತೋರಿಸಿದರೆ ತೆರೆಯುವ ಗಾಜಿನ ಗೇಟು. ಮುಂದಿದ್ದ ಹುಡುಗಿ ನಡೆಯುತ್ತಲೇ ಕಾರ್ಡು ತಾಗಿಸಿ ಹೋದಳು. ನಾನೂ ತಾಗಿಸಿದೆ. ತೆರೆಯಲಿಲ್ಲ. ತಿರುವಿ ಹಿಡಿದೆ, ತೆರೆಯಿತು. ಗೆದ್ದೆನೆಂದು ಒಂದು ಗಳಿಗೆ ನಿಂತುಬಿಟ್ಟೆ. ಅಷ್ಟರಲ್ಲಿ ಬಾಗಿಲು ಮುಚ್ಚಿ ನಾನು ಒಳಗೆ, ಸೀರೆಯ ಸೆರಗು ಹೊರಗೆ ಉಳಿಯಿತು.

ಕಾವಲಿನ ಮನುಷ್ಯ ಎದ್ದು ಬಂದು ಗುಂಡಿ ಒತ್ತಿ ಬಿಡಿಸಿದ. ಅವನ ಮಾತಿನಲ್ಲಿ ನನಗೆ ತಿಳಿದದ್ದು ಒಂದೇ ಪದ, 'ಹೆನ್'. ಇಂಗ್ಲಿಷಿನಲ್ಲಿ ಹೆನ್ ಎಂದರೆ ಕೋಳಿ. ಮೂರು ವಿಮಾನ ಹತ್ತಿ ಇಳಿದು ಬಂದದ್ದು ಕೋಳಿ ಅನ್ನಿಸಿಕೊಳ್ಳಲಿಕ್ಕೋ ಎಂದು ಮನಸ್ಸು ಮುದುಡಿತು. ಆದರೆ ಮುಖ ನೋಡಿದರೆ ಬೈದಂತಿರಲಿಲ್ಲ. ಲಿಫ್ಟಿನ ತನಕ ಬಂದು ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಹೋದ. ಎರಡು ದಿನ ಕಳೆದ ಮೇಲೆ ಗೊತ್ತಾಯಿತು, ಆ ಊರಿನವರು ಹೆಂಗಸರನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರಂತೆ. ನಮ್ಮಲ್ಲಿ ಬಸ್ ಕಂಡಕ್ಟರು ಸಣ್ಣ ಹುಡುಗಿಗೂ "ಯವ್ವಾ, ಒಳಗ ನಡಿ" ಅನ್ನುವ ಹಾಗೆ.

ಮೌನದ ಮಹಡಿ

ಅಲ್ಲಿ ಒಂದೊಂದು ಮಹಡಿಗೆ ಒಂದೊಂದು ನಡತೆ. ಕೆಳಗಿನದರಲ್ಲಿ ಮಾತಾಡಬಹುದು, ತಿನ್ನಬಹುದು, ಸೋಫಾ ಮೇಲೆ ಕಾಲು ಚಾಚಬಹುದು. ಮೇಲೆ ಹೋದಂತೆ ದನಿ ತಗ್ಗುತ್ತದೆ. ನನಗೆ ಈ ವಿಂಗಡಣೆ ತಿಳಿದಿರಲಿಲ್ಲ. ಎತ್ತರದ ಒಂದು ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು ಖಾಲಿ ಕಂಡಿತು. ಹೊರಗೆ ಊರಿನ ಕಪ್ಪು ಕಲ್ಲಿನ ಮನೆಗಳು, ಗೋಪುರಗಳು. ಕೂತೆ. ಹಸಿವಾಗಿತ್ತು. ಚೀಲದಿಂದ ಖಡಕ್ ರೊಟ್ಟಿ ತೆಗೆದು ಮುರಿದೆ.

ಆ ಸದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನಮ್ಮ ಮನೆಯಲ್ಲಿ ದಿನಾ ಹತ್ತು ರೊಟ್ಟಿ ಮುರಿಯುತ್ತವೆ, ಯಾರ ಕಿವಿಗೂ ಬೀಳುವುದಿಲ್ಲ. ಇಲ್ಲಿ ಒಂದು ರೊಟ್ಟಿಗೆ ಇಡೀ ಮಹಡಿ ತಲೆ ಎತ್ತಿತು. ಎದುರಿನ ಹುಡುಗಿ ಗೋಡೆಯ ಫಲಕದ ಕಡೆ ಕಣ್ಣು ಮಾಡಿದಳು. ತುಟಿಗೆ ಬೆರಳಿಟ್ಟ ಚಿತ್ರ, ಕೆಳಗೆ ಅಡ್ಡಗೆರೆ ಎಳೆದ ಬನ್ನಿನ ಚಿತ್ರ. ಬಾಯಲ್ಲಿದ್ದ ತುಣುಕನ್ನು ಅಗಿಯಲೂ ಆಗದೆ, ನುಂಗಲೂ ಆಗದೆ, ಮೆತ್ತಗಾಗುವ ತನಕ ಹಾಗೇ ಇಟ್ಟುಕೊಂಡು ಕೂತೆ. ಹುಡುಗಿಗೆ ನಗು ತಡೆಯಲಾಗಲಿಲ್ಲ. ಒಂದು ಚೀಟಿಯಲ್ಲಿ ಎರಡನೇ ಮಹಡಿಗೆ ದಾರಿ ಬರೆದು ನನ್ನ ಕಡೆ ಸರಿಸಿದಳು.

ಆಮೇಲಿನ ದಿನಗಳಲ್ಲಿ ಊಟಕ್ಕೆ ಎರಡನೇ ಮಹಡಿ, ಓದಲು ಅದೇ ಕಿಟಕಿ. ನನ್ನನ್ನು ಬೆರಗುಗೊಳಿಸಿದ್ದು ಪುಸ್ತಕಗಳ ರಾಶಿಗಿಂತ ಅವು ಬಿಚ್ಚಿ ಬಿದ್ದುಕೊಂಡಿದ್ದ ರೀತಿ. ನಾನು ಓದಿದ ಕಾಲೇಜಿನಲ್ಲಿ ಪುಸ್ತಕಗಳೆಲ್ಲ ಕಬ್ಬಿಣದ ಅಲ್ಮಾರಿಯೊಳಗೆ, ಕೀಲಿ ಗುಮಾಸ್ತರ ಹತ್ತಿರ, ಗುಮಾಸ್ತರು ಯಾವಾಗಲೂ ಊಟಕ್ಕೆ. ಅವರ ತಪ್ಪೂ ಅಲ್ಲ. ಕಳೆದರೆ ಅವರೇ ತುಂಬಬೇಕಿತ್ತು. ಇಲ್ಲಿ ಯಾರು ಬೇಕಾದರೂ ಯಾವ ಪುಸ್ತಕ ಬೇಕಾದರೂ ಎಳೆದು, ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಟ್ಟು ಚಹಾಕ್ಕೆ ಹೋಗುತ್ತಿದ್ದರು. ಮೊದಲ ದಿನ ಪಕ್ಕದವರ ಸಾಮಾನನ್ನು ನಾನೇ ಕಾಯುತ್ತಾ ಕೂತು ನನ್ನ ಓದು ಸಾಗಲಿಲ್ಲ.

ಆದರೆ ಮಧ್ಯಾಹ್ನ ದಾಟಿದರೆ ಮೇಜಿಗೆ ತಲೆ ಹಚ್ಚಿ ಮಲಗುವ ಹುಡುಗರನ್ನು ಕಂಡಾಗ ಸಿಂಧನೂರು ನೆನಪಾಯಿತು. ಅಂಗಡಿಗಳ ಮೇಲಿನ ಬಾಡಿಗೆ ರೀಡಿಂಗ್ ರೂಮುಗಳಲ್ಲಿ, ಮನೆಯಿಂದ ತಂದ ದಿಂಬನ್ನು ಕುರ್ಚಿಗೆ ಹಾಕಿ, ಪಿಎಸ್ಐ ಪರೀಕ್ಷೆಗೋ ಎಫ್‌ಡಿಎಗೋ ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿ ಕೂರುವ ನಮ್ಮ ಹುಡುಗ ಹುಡುಗಿಯರೂ ಹೀಗೇ ಮಲಗುತ್ತಾರೆ, ಒಂದು ಕೆನ್ನೆ ಪುಸ್ತಕದ ಮೇಲೆ, ಬೆರಳು ಓದು ನಿಂತ ಸಾಲಿನ ಮೇಲೆ. ಆ ನಿದ್ದೆಯಲ್ಲಿ ಮಾತ್ರ ಯಾವ ದೇಶವೆಂದು ಹೇಳಲಾಗದು.

ಕೇಳುವ ಕೋಣೆ

ಧ್ವನಿಸುರುಳಿಗಳನ್ನು ಕೇಳುವ ಕೋಣೆಗೆ ಮೋರಗ್ ಎಂಬ ಹೆಣ್ಣುಮಗಳು ಮೇಲ್ವಿಚಾರಕಿ. ನನ್ನ ವಯಸ್ಸಿನವಳೇ, ಕೆಂಚು ಕೂದಲು, ನಿಧಾನ ಮಾತು. ನಾನು ಅರ್ಥವಾಗದೆ ತಲೆ ಆಡಿಸಿದ್ದನ್ನು ಕಂಡುಹಿಡಿದು ಮತ್ತೊಮ್ಮೆ ಹೇಳುತ್ತಿದ್ದಳು. ಕೋಳಿಯ ಅರ್ಥ ಬಿಡಿಸಿದವಳೂ ಅವಳೇ. ಮೊದಲಿಗೆ ನನ್ನ ಪೆನ್ನು ಇಸಿದುಕೊಂಡು ಪೆನ್ಸಿಲ್ಲು ಕೊಟ್ಟಳು. ಹಳೆಯ ವಸ್ತುಗಳ ಹತ್ತಿರ ಶಾಯಿ ಬರಬಾರದಂತೆ. ಒಂದನೇ ತರಗತಿಗೆ ಮರಳಿದಂತಾಯಿತು.

ಹೆಡ್‌ಫೋನು ಹಾಕಿಕೊಂಡೆ. ಮೊದಲು ಗರಗರ ಸದ್ದು. ಸುರುಳಿಯದೆಂದುಕೊಂಡೆ. ಅಲ್ಲ, ಕಲ್ಲಿನದು. ಎಲ್ಲೋ ಒಂದು ಎಮ್ಮೆ ಕೂಗಿತು. ಯಾರೋ ಕೆಮ್ಮಿದರು. ಆಮೇಲೆ ದೊಡ್ಡವ್ವ. ಈಗಿನ ಸವೆದ ದನಿಯ ಒಳಗೆ ಅಡಗಿರುವ ಎಳೆಯ ದನಿ. ಅದರ ಬೆನ್ನಿಗೇ ಇನ್ನೊಂದು, ಸ್ವಲ್ಪ ದಪ್ಪ, ಸಾಲಿನ ಕೊನೆಯಲ್ಲಿ ನಗು ತುಳುಕುವ ದನಿ. ಖಾಸಿಂಬಿ.

ಕಾಲುವಿ ಬಂತಂತ ಕುಣಿಬ್ಯಾಡ ತಂಗೆಮ್ಮ
ಮೊಳಕಾಲ ಕೆಸರಾಗ ಹೊತ್ತೆಲ್ಲ | ನಿಂತರ
ಕಾಲಂದುಗಿ ಸಪ್ಪಳ ಮರತಾವ

ಇಂಥವು ಒಂದರ ಹಿಂದೊಂದು. ನನ್ನ ಪಿಎಚ್‌ಡಿಯೇ ಎದುರು ಕೂತು ಬಾಯಿ ಬಿಟ್ಟು ಮಾತಾಡುತ್ತಿತ್ತು. ಬರೆದೂ ಬರೆದೂ ಪೆನ್ಸಿಲ್ಲು ಮೊಂಡಾಯಿತು.

ಭಾಷೆ ತೆಲುಗಲ್ಲ, ಕನ್ನಡ ಎಂದು ಮೋರಗ್‌ಗೆ ಹೇಳಿದೆ. ಅವಳು ಕ್ಷಮೆ ಕೇಳಿ, ಅಲ್ಲೇ ಕಂಪ್ಯೂಟರು ತೆರೆದು, ನನ್ನ ಕಣ್ಣೆದುರೇ ತಿದ್ದಿದಳು. ಊರಿನ ಹೆಸರನ್ನು ನಿಮ್ಮ ಲಿಪಿಯಲ್ಲೂ ಬರೆದು ಕೊಡಿ ಎಂದಳು. ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಿದ್ದಿಸಲು ಮೂರು ಕಚೇರಿ ಅಲೆದ ನನಗೆ, ಒಂದು ಇಡೀ ಭಾಷೆ ಕೂತಲ್ಲೇ ಸರಿಯಾದದ್ದು ನಂಬಲಾಗಲಿಲ್ಲ.

ಸುರುಳಿಯ ಕೊನೆಯಲ್ಲಿ ಕಲ್ಲಿನ ಸದ್ದು ನಿಲ್ಲುತ್ತದೆ. ಈರಮ್ಮ ನೀರಿಗೆ ಹೋಗುತ್ತೇನೆ ಅನ್ನುವುದು, ಕೊಡದ ಸಪ್ಪಳ, ಬಾಗಿಲ ಸಪ್ಪಳ ಕೇಳುತ್ತವೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಖಾಸಿಂಬಿ ಒಬ್ಬಳೇ, ಬೀಸದೆ, ತಗ್ಗಿದ ದನಿಯಲ್ಲಿ ಒಂದು ಪದ ಶುರು ಮಾಡುತ್ತಾಳೆ. ಈ ಸಲ ಸಾಲಿನ ಕೊನೆಯಲ್ಲಿ ನಗು ಇಲ್ಲ. ಉದ್ದನೆಯ ಪದ. ನಾನು ಅಷ್ಟು ವರ್ಷದಿಂದ ಆರಿಸಿದ ಯಾವ ಹಾಡೂ ಅದರ ಹತ್ತಿರ ಬರುವುದಿಲ್ಲ. ಎರಡನೇ ಸಲ ಕೇಳಿ ಅಕ್ಷರ ಬಿಡದೆ ಬರೆದುಕೊಂಡೆ. ಒಂದು ಇಡೀ ಅಧ್ಯಾಯ ಸಿಕ್ಕಿತು ಎಂದುಕೊಂಡೆ.

ಮೋರಗ್ ಹತ್ತಿರ ಬಂದು, ಹಾಡಿದವರು ಯಾರೆಂದು ಈಗ ಗೊತ್ತಾದ್ದರಿಂದ ಅವರನ್ನೇ ಕೇಳಬಹುದಲ್ಲ ಎಂದಳು. ಅವರೋ ಅವರ ಮನೆಯವರೋ ಒಪ್ಪಿದರೆ ಹಾಡುಗಳು ಎಲ್ಲರಿಗೂ ತೆರೆಯುತ್ತವೆ, ಮನೆಗೆ ಒಂದು ಪ್ರತಿ ಹೋಗುತ್ತದೆ. ಯಾವುದು ಬೇಡವೆನ್ನುತ್ತಾರೋ ಅದನ್ನು ಮುಚ್ಚಿಡುತ್ತೇವೆ. ಮುಚ್ಚಿದರೆ ಓದುಗರು ಯಾರೂ ಕೇಳುವ ಹಾಗಿಲ್ಲ. ಬೇಡವೆನ್ನಲು ಅವರಿಗೇನಿದೆ ಎಂದುಕೊಂಡು ನಾನು ಕೂಡಲೇ ಒಪ್ಪಿದೆ.

ಗುಂಪಿನ ಕೋಣೆ

ವಿದ್ಯಾರ್ಥಿಗಳು ಕೂಡಿ ಓದಲು ಅಲ್ಲಿ ಸಣ್ಣ ಸಣ್ಣ ಗಾಜಿನ ಕೋಣೆಗಳಿವೆ. ಮೊದಲೇ ಹೆಸರು ಹಚ್ಚಿ ಒಂದು ತಾಸಿಗೆ ಹಿಡಿಯಬೇಕು. ಮೋರಗ್ ನನಗೊಂದು ಹಿಡಿದುಕೊಟ್ಟು, ಫೋನಿನಲ್ಲಿ ಕೇಳಿಸಲು ಹಾಡುಗಳನ್ನು ತಂದಳು. ಅಲ್ಲಿ ಬೆಳಗು, ವಳಕಮದಿನ್ನಿಯಲ್ಲಿ ಇಳಿಹೊತ್ತು. ನೆರೆಮನೆಯ ಟೀಚರ ಫೋನಿನಲ್ಲಿ ದೊಡ್ಡವ್ವನ ಹಣೆ, ಒಂದು ಕಣ್ಣು ಕಂಡವು.

ತನ್ನ ದನಿಯನ್ನು ಅವಳು ದೂರದಿಂದಲೇ ಕೇಳಿದಳು. ಖಾಸಿಂಬಿಯ ದನಿಗೆ ಫೋನನ್ನು ಕಿವಿಗೇ ಒತ್ತಿಕೊಂಡಳು. ನನಗೆ ಕತ್ತಲೆಯೊಂದೇ ಕಾಣುತ್ತಿತ್ತು. ಎಲ್ಲ ಹಾಡಿಗೂ ಹೂಂ ಹೂಂ ಎಂದು ಒಪ್ಪಿಕೊಂಡಳು. ಕೊನೆಯ ಪದ ಶುರುವಾಯಿತು. ಮೊದಲ ಸಾಲು ಮುಗಿಯುವ ಮುಂಚೆಯೇ ನಿಲ್ಲಿಸು ಎಂದಳು.

"ಇದು ನಾ ನೀರಿಗೆ ಹೋದಾಗ ಹೇಳ್ಯಾಳ. ನಾ ಇದ್ರ ಹೇಳ್ತಿದ್ದಿಲ್ಲ," ಎಂದಳು. "ನನಗ ಕೇಳಬ್ಯಾಡ ನಾಗೂ. ಮೆಹಬೂಬಿನ್ನ ಕೇಳು."

ಮೆಹಬೂಬಿ ಖಾಸಿಂಬಿಯ ಒಬ್ಬಳೇ ಮಗಳು. ಮಸ್ಕಿ ಬಸ್ ನಿಲ್ದಾಣದ ಹತ್ತಿರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ ಎಂದು ದೊಡ್ಡವ್ವ ಹೇಳಿದಾಗ ನನಗೆ ಒಂಥರಾ ಆಯಿತು. ದಿನಾ ಎರಡು ಸಲ ನನ್ನ ಬಸ್ಸು ಅಲ್ಲೇ ನಿಲ್ಲುತ್ತದೆ.

ಆ ಹೆಣ್ಣುಮಗಳು ಒಬ್ಬಳೇ ಕೂತು ಸತ್ತ ತಾಯಿಯ ದನಿ ಕೇಳುವುದು ಬೇಡವೆಂದು, ಮರುದಿನ ದೊಡ್ಡವ್ವ ಎರಡು ಬಸ್ಸು ಬದಲಿಸಿ ಮಸ್ಕಿಗೆ ಹೋದಳು. ನಾನು ಮತ್ತೆ ಕೋಣೆ ಹಿಡಿದೆ. ಫೋನಿನಲ್ಲಿ ಹೊಲಿಗೆ ಯಂತ್ರ, ಹಿಂದೆ ತೂಗುಹಾಕಿದ ರವಿಕೆಗಳು, ನಡುವೆ ಮೆಹಬೂಬಿ. ನಮಸ್ಕಾರ್ರೀ ಅಕ್ಕಾ ಎಂದಳು. ಬೇರೆ ಪದಗಳಿಗೆ ನಕ್ಕಳು, ಅಮ್ಮಿ ಹೀಗೇ ನಗುತ್ತಿದ್ದಳು ಎಂದಳು. ಕೊನೆಯದನ್ನು ಹಾಕುವ ಮುನ್ನ, ಇದನ್ನು ನಿಮ್ಮ ತಾಯಿ ಒಬ್ಬರೇ ಹೇಳಿದ್ದು ಎಂದು ತಿಳಿಸಿದೆ.

ಅವಳು ಪೂರ್ತಿ ಕೇಳಿದಳು. ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತಲೇ ಇದ್ದಳು, ಮಡಚಿ ಮಡಚಿ ಅದು ಹಿಡಿಯಷ್ಟಾಯಿತು. ದೊಡ್ಡವ್ವ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದು ಮೂಲೆಯಲ್ಲಿ ಕಾಣುತ್ತಿತ್ತು.

"ಆ ಬಾಯಿಗೆ ಕನ್ನಡ ಬರ್ತಿತ್ತೇನ್ರಿ?" ಎಂದು ಮೆಹಬೂಬಿ ಕೇಳಿದಳು.

ಇಲ್ಲ, ತೆಲುಗು ಎಂದು ಬರೆದುಕೊಂಡಿದ್ದರು ಎಂದೆ.

"ಅದಕ್ಕ ಹೇಳ್ಯಾಳ್ರಿ. ಕೇಳೋರು ಒಬ್ರು ಬೇಕಾಗಿತ್ತು, ತಿಳಿಯೋರು ಬ್ಯಾಡಾಗಿತ್ತು."

ಇಷ್ಟು ವರ್ಷ ಯಾರಿಗೂ ತಿಳಿಯದೆ ಇದ್ದದ್ದನ್ನು ತಿಳಿದ ಮೊದಲಿಗಳು ನಾನೇ ಆಗಿದ್ದೆ.

ಅಷ್ಟರಲ್ಲಿ ಗಾಜಿನ ಬಾಗಿಲು ತಟ್ಟಿದ ಸದ್ದು. ನನ್ನ ತಾಸು ಮುಗಿದಿತ್ತು. ಹೊರಗೆ ನಾಲ್ಕು ವಿದ್ಯಾರ್ಥಿಗಳು ಪುಸ್ತಕ, ಕಾಫಿ ಹಿಡಿದು ನಿಂತಿದ್ದರು. ನಾನು ಎದ್ದೆ, ಫೋನನ್ನೂ ತಂತಿಗಳನ್ನೂ ಒಟ್ಟಿಗೆ ಬಾಚಿಕೊಳ್ಳಲು ಹೋದೆ. ನನ್ನ ಮುಖ ಹೇಗಿತ್ತೋ, ಮುಂದಿದ್ದ ಹುಡುಗಿ ಅಂಗೈ ತೋರಿಸಿ ಕೂರಿ ಎಂದು ಸನ್ನೆ ಮಾಡಿದಳು. ನಾಲ್ವರೂ ಹೊರಗೆ ನೆಲದ ಮೇಲೆ, ಗೋಡೆಗೆ ಒರಗಿ ಕೂತು, ಮೊಣಕಾಲ ಮೇಲೆ ಪುಸ್ತಕ ಬಿಚ್ಚಿಕೊಂಡರು. ಒಬ್ಬರೂ ಒಳಗೆ ನೋಡಲಿಲ್ಲ.

ಮೆಹಬೂಬಿ ಬೇರೆಲ್ಲ ಪದಗಳನ್ನು ಜಗತ್ತೇ ಕೇಳಲಿ ಎಂದಳು. ತಾಯಿಯ ಹೆಸರನ್ನೂ ಬರೆಯಿರಿ ಎಂದಳು. ಕೊನೆಯದನ್ನು ಮುಚ್ಚಿಬಿಡಿ ಎಂದಳು. "ನೀವೂ ಬರಿಬ್ಯಾಡ್ರಿ ಅಕ್ಕಾ."

ಪೆನ್ಸಿಲ್ಲು, ರಬ್ಬರು

ಆ ಸಂಜೆ ನನ್ನ ಮಾರ್ಗದರ್ಶಕರಿಗೆ ಫೋನು ಮಾಡಿದೆ. ಅವರು ಒಳ್ಳೆಯವರೇ, ನನ್ನ ಕೆಲಸ ಬೇಗ ಮುಗಿಯಲಿ ಎಂಬ ಕಾಳಜಿಯವರು. ಹೆಸರು ಬದಲಿಸಿ, ಊರು ಬದಲಿಸಿ ಹಾಕಿಬಿಡಿ, ಯಾರಿಗೆ ತಿಳಿಯುತ್ತದೆ ಎಂದರು. ಇಂಥ ಪದ ಇನ್ನೊಂದು ಸಿಗುವುದಿಲ್ಲ ಎಂದರು. ಅದು ನಿಜ. ರಾತ್ರಿ ಮಲಗಿದರೂ ಆ ಅಧ್ಯಾಯದ ಸಾಲುಗಳು ತಾವೇ ಜೋಡಿಸಿಕೊಳ್ಳುತ್ತಿದ್ದವು. ಒಳ್ಳೆಯ ಸಾಲುಗಳು. ಊರು ಬದಲಿಸಬಹುದು, ಹೆಸರು ಬದಲಿಸಬಹುದು. ಮಸ್ಕಿಯಲ್ಲಿ ನಿಲ್ಲುವ ಬಸ್ಸನ್ನು ಹೇಗೆ ಬದಲಿಸುವುದು?

ಬೆಳಿಗ್ಗೆ ಮೋರಗ್ ಬಾಗಿಲು ತೆಗೆಯುವುದನ್ನೇ ಕಾದು ಒಳಗೆ ಹೋದೆ. ರಬ್ಬರು ಕೇಳಿದೆ. ಬರೆದುಕೊಂಡ ಪದವನ್ನು ಸಾಲು ಸಾಲಾಗಿ ಅಳಿಸಿದೆ. ಹಾಳೆ ಹರಿದು ಹಾಕಿದ್ದರೆ ಒಂದು ಕ್ಷಣದ ಕೆಲಸ. ಆದರೆ ಅದೇ ಹಾಳೆಗಳ ಬೆನ್ನಿಗೆ ಬೇರೆ ಪದಗಳಿದ್ದವು. ಮೋರಗ್ ಮೇಜಿನ ಮೇಲೆ ಬಿದ್ದ ರಬ್ಬರಿನ ಪುಡಿಯನ್ನು ಸಣ್ಣ ಬ್ರಷ್ಷಿನಿಂದ ಗುಡಿಸಿಕೊಂಡಳು. ಆಮೇಲೆ, ಎರಡು ಪ್ರತಿ ಸಿದ್ಧವಿದೆ, ಒಂದು ಈರಮ್ಮನವರಿಗೆ, ಒಂದು ಮೆಹಬೂಬಿಯವರಿಗೆ, ಕೊನೆಯ ಹಾಡು ಮೆಹಬೂಬಿಯವರದರಲ್ಲಿ ಮಾತ್ರ ಇದೆ ಎಂದು ಎರಡನ್ನೂ ನನ್ನ ಕೈಗಿಟ್ಟಳು. ಇಷ್ಟು ವರ್ಷ ಇಟ್ಟುಕೊಂಡದ್ದು ನಿಜವಾಗಿ ಯಾರದೆಂದು ತಿಳಿದದ್ದು ಸಮಾಧಾನವಾಯಿತು ಎಂದಳು. ಗೇಟಿನ ಮನುಷ್ಯ ಈ ಸಲವೂ ಕೋಳಿ ಎಂದೇ ಬೀಳ್ಕೊಟ್ಟ. ನನಗೆ ಹಿತವೆನಿಸಿತು.

ಮಸ್ಕಿ

ಬಂದ ವಾರವೇ ದೊಡ್ಡವ್ವನನ್ನು ಕರೆದುಕೊಂಡು ಮಸ್ಕಿಗೆ ಹೋದೆ. ಸಂತೆಯ ದಿನ, ಅಂಗಡಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೆಹಬೂಬಿ ಗಿರಾಕಿಗಳಿಗೆ ಸಂಜೆ ಬನ್ನಿ ಎಂದು ಹೇಳಿ ಅರ್ಧ ಶಟರ್ ಎಳೆದಳು. ನೆಲಕ್ಕೆ ಜಮಖಾನೆ ಹಾಸಿದಳು. ಅವಳ ಪ್ರತಿಯನ್ನು ಫೋನಿಗೆ ಹಾಕಿ, ಮೂವರೂ ಕೂತು ಮೊದಲಿನಿಂದ ಎಲ್ಲ ಪದಗಳನ್ನೂ ಕೇಳಿದೆವು. ಎಮ್ಮೆ ಕೂಗಿದಾಗ ದೊಡ್ಡವ್ವ ಅದು ಯಾರ ಮನೆಯ ಎಮ್ಮೆ ಎಂದು ಹೇಳಿದಳು. ಒಂದು ಪದದಲ್ಲಿ ಖಾಸಿಂಬಿ ಸಾಲು ಮರೆತು ತಡವರಿಸುತ್ತಾಳೆ. ದೊಡ್ಡವ್ವ ಇಲ್ಲಿಂದಲೇ ಆ ಸಾಲು ಎತ್ತಿಕೊಟ್ಟಳು. ಅಲ್ಲಿಯೂ, ಅದೇ ಹೊತ್ತಿಗೆ, ಎಳೆಯ ಈರಮ್ಮ ಎತ್ತಿಕೊಟ್ಟಳು. ಇಬ್ಬರು ಈರಮ್ಮಂದಿರೂ ಕೂಡಿಯೇ ಹೇಳಿದರು.

ಕೊನೆಯ ಪದಕ್ಕೆ ಮುಂಚೆ ಮೆಹಬೂಬಿ ನಿಲ್ಲಿಸಿದಳು. ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ದೊಡ್ಡವ್ವನ ಮೊಣಕಾಲ ಮೇಲೆ ಕೈ ಇಟ್ಟು, ತಾಯಿಯ ಒಡಹುಟ್ಟಿದವಳನ್ನು ಕರೆಯುವ ಹಾಗೆ ಕರೆದಳು.

"ಖಾಲಾ, ನೀ ಈಗ ಕೇಳಬೇಕು. ಅಮ್ಮಿ ಇದ್ದಾಗ ನಿನಗ ಹೇಳಾಕ ಧೈರ್ಯ ಬರಲಿಲ್ಲ. ಈಗ ಹೇಳತಾಳ, ಕೇಳು."

ದೊಡ್ಡವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡು ನೆಟ್ಟಗೆ ಕೂತಳು. ಮೆಹಬೂಬಿ ನನ್ನ ಕಡೆ ತಿರುಗಿ, "ಅಕ್ಕಾ, ನೀವು..." ಎಂದು ಅಲ್ಲಿಗೇ ಬಿಟ್ಟಳು.

ನಾನು ಶಟರಿನ ಕೆಳಗೆ ಬಗ್ಗಿ ಹೊರಗೆ ಬಂದೆ. ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರಬಹುದಿತ್ತು. ಆದರೆ ಅಲ್ಲಿಗೆ ಕೇಳಿಸುತ್ತದೆ. ಸಂತೆಯ ನಡುವೆ ಹಾಯ್ದು, ಉಳ್ಳಾಗಡ್ಡಿ ರಾಶಿಗಳನ್ನು ದಾಟಿ, ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಲಿಂಗಸುಗೂರಿನ ಬಸ್ಸು ಬಂದು ಹೋಯಿತು. ಸಿಂಧನೂರಿನದೂ ಬಂದು ಹೋಯಿತು. ನನ್ನ ಗುರುತಿನ ಕಂಡಕ್ಟರು, ಯಾಕ್ರೀ ಮೇಡಂ, ಹತ್ತಂಗಿಲ್ಲೇನು ಎಂದು ಕೇಳಿದ. ಇವತ್ತು ಇಲ್ಲೇ ಕೆಲಸ ಐತಿ ಎಂದೆ.

ದೂರದಲ್ಲಿ ಶಟರ್ ಮೇಲೆ ಹೋಯಿತು. ದೊಡ್ಡವ್ವ ಹೊರಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ಆ ಕಡೆ ಈ ಕಡೆ ನನ್ನನ್ನು ಹುಡುಕಿದಳು. ಹತ್ತಿರ ಹೋದೆ. ಅವಳ ಕಣ್ಣು ಕೆಂಪಾಗಿದ್ದವು. ನನ್ನ ಮುಂಗೈ ಹಿಡಿದುಕೊಂಡು ಒಳಗೆ ಕರೆದೊಯ್ದಳು. ಮೆಹಬೂಬಿ ಆಗಲೇ ಯಂತ್ರದ ಮುಂದೆ ಕೂತು, ಸಂಜೆಗೆ ಕೊಡಬೇಕಾದ ರವಿಕೆಗೆ ತೋಳು ಹಚ್ಚುತ್ತಿದ್ದಳು.